ಮೂರನೆಯ ಹೂಂ

ಗಂಡ ಚನ್ನವೀರನ ಹೂಂಗಳಲ್ಲಿ ಮೂರು ಬಗೆ ಇವೆಯೆಂದು ನೀಲಾಂಬಿಕಾ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಳು. ಕೇಳಿ, ತಿಳಿದು, ಒಪ್ಪಿ ಹೇಳುವ ಹೂಂ ಒಂದು. ಅದು ಮಾತು ಮುಗಿದ ಮೇಲೆ ಸ್ವಲ್ಪ ತಡವಾಗಿ, ಎದೆಯಿಂದ ಬರುತ್ತದೆ. ತಿಳಿದರೂ ಒಪ್ಪದ ಹೂಂ ಮೂಗಿನಿಂದ ಬರುತ್ತದೆ. ಇನ್ನೊಂದು ಕ್ರಿಕೆಟ್ಟಿನ ಹೂಂ. ಅದು ಮಾತು ಮುಗಿಯಲೆಂದು ಕಾಯುವುದಿಲ್ಲ. ಗೋಡೆ ಗಡಿಯಾರದ ಹಾಗೆ ತನ್ನಷ್ಟಕ್ಕೆ ತಾನು, ಸಮ ಅಂತರದಲ್ಲಿ ಬೀಳುತ್ತಿರುತ್ತದೆ.

ಆವತ್ತು ಬೆಳಿಗ್ಗೆ ಗದಗಿನ ಮನೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಮಧ್ಯಾಹ್ನ ಧಾರವಾಡದಲ್ಲಿ ಹೇಳಬೇಕಾದದ್ದನ್ನು ಆಕೆ ಗಂಡನ ಮುಂದೆ ಒಮ್ಮೆ ಹೇಳಿ ನೋಡುತ್ತಿದ್ದಳು. ಚನ್ನವೀರ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟರು. ತಾಟಿನ ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡು, ಕ್ರಿಕೆಟ್ ನೋಡುತ್ತ ಉಣ್ಣುತ್ತಿದ್ದ.

"ಹೆರಿಗಿ ಆಗಿ ಮನಿಗೆ ಬಂದ ಮ್ಯಾಲೂ ಬಾಣಂತಿಗೆ ಒಮ್ಮೊಮ್ಮೆ ಒಳಗಿಂದೊಳಗ ರಕ್ತಸ್ರಾವ ಶುರು ಆಗತೈತಿ. ಹೊರಗ ಕಾಣೂದರೊಳಗ ತಡ ಆಗಿರತೈತಿ. ಆದ್ರ ಪಾದ ಮೊದಲ ತಣ್ಣಗಾಗತಾವ. ಕಾಲಿಗೆ ಹಾಕೂ ನಮ್ಮ ಕಡಗ ಅದನ್ನ ಹಿಡಿತೈತಿ. ಕೇಳಾಕತ್ತೀರಲ್ರಿ?"

"ಹೂಂ."

"ಪಾದದ ಬಿಸಿ ಎಲ್ಲೀತನ ಇಳಿದ್ರ ಕಡಗ ಕೂಗಬೇಕು ಅನ್ನೂ ಅಂಕಿ ಐತೆಲ್ಲ, ಅದ ನಮ್ಮ ಶೋಧ."

"ಹೂಂ."

"ನಿಮ್ಮ ಸ್ಕೂಟರ್ ಮಾರಿ ಒಂದು ಆನಿ ತಗೊಂಡೀನಿ."

"ಹೂಂ."

ನೀಲಾಂಬಿಕಾ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಚನ್ನವೀರ ತಲೆಯೆತ್ತಿದ. "ಏನೋ ಆನಿ ಅಂದಂಗಾತು?"

"ಏನಿಲ್ಲ. ಉಣ್ರಿ."

ಅಷ್ಟರಲ್ಲಿ ಅತ್ತೆ ಸಿದ್ದವ್ವ ಹಿತ್ತಲಿನ ನೀರೊಲೆಯಿಂದ ಅಗ್ಗಿಷ್ಟಿಗೆಗೆ ಕೆಂಡ ತುಂಬಿಕೊಂಡು ಒಳಗೆ ಬಂದರು. "ಸರಿ, ಸರಿ, ದಾರಿ ಬಿಡವಾ ನೀಲಾ." ಹಿಂದಿನ ಕೋಣೆಯಲ್ಲಿ ನೀಲಾಂಬಿಕಾಳ ಮಗಳು ವಚನಾ ಹಸುಗೂಸಿನೊಡನೆ ಮಲಗಿದ್ದಳು. ಮೊದಲ ಹೆರಿಗೆಗೆಂದು ತವರಿಗೆ ಬಂದವಳು.

"ಕಿಡಕಿ ತೆರದಿಡ್ರಿ ಅತ್ತಿ, ಹೊಗಿ ನಿಲ್ಲತೈತಿ," ಎಂದಳು ನೀಲಾಂಬಿಕಾ, ರೂಢಿಯಂತೆ.

"ನೀ ಡಾಕ್ಟರ್ ಆಗೂ ಮೊದಲ ನಾ ಆರು ಮಂದಿ ಬಾಣಂತಿತನ ಮಾಡೀನಿ." ಸಿದ್ದವ್ವ ಬಾಗಿಲಲ್ಲಿ ನಿಂತರು. "ನಿನ್ನ ಶೋಧಕ್ಕ ಬಾಣಂತಿ ಬಿಟ್ಟು ಬ್ಯಾರೆ ಏನೂ ಸಿಗಲಿಲ್ಲೇನವಾ? ಮಂದಿ ಚಂದ್ರನ ಮ್ಯಾಲ ಮನಿ ಕಟ್ಟಾಕತ್ತಾರ."

"ಚಂದ್ರನ ಮ್ಯಾಲ ಹೋದವರನ್ನೂ ಯಾವಾಕಿನೋ ಹಡದಾಳಲ್ರಿ."

ಸಿದ್ದವ್ವ ಅದಕ್ಕೆ ಮೂಗಿನಿಂದ ಹೂಂ ಎಂದು ಒಳಗೆ ಹೋದರು.

ಧಾರವಾಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ನೀಲಾಂಬಿಕಾಗೆ ಎದೆ ಹಗುರವಾಗಿತ್ತು. ಆಕೆ ಗದಗಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿ ವಿಭಾಗದ ಪ್ರಾಧ್ಯಾಪಕಿ. ಆರು ವರ್ಷಗಳ ಹಿಂದೆ ಒಂದು ಹಳ್ಳಿಯಿಂದ ಟೆಂಪೋದಲ್ಲಿ ತಂದ ಹುಡುಗಿಯೊಬ್ಬಳು ಆಸ್ಪತ್ರೆಯ ಬಾಗಿಲಲ್ಲೇ ಹೋಗಿಬಿಟ್ಟಿದ್ದಳು. ಹೆತ್ತು ವಾರವಾಗಿತ್ತು. ತಾಯಿ ಮಗಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, "ನಿನ್ನೆಯಿಂದಾನ ತಣ್ಣಗ ಇದ್ದುವ್ರಿ," ಎಂದು ಅದೊಂದನ್ನೇ ಹೇಳುತ್ತಿದ್ದಳು. ಆ ಮಾತು ನೀಲಾಂಬಿಕಾಳನ್ನು ಬಿಡಲಿಲ್ಲ. ಕಾಲಿಗೆ ತೊಡಿಸುವ ತೆಳ್ಳನೆಯ ಕಡಗವೊಂದನ್ನು ಮಾಡಿಸಿ, ಸುತ್ತಲಿನ ಹಳ್ಳಿಗಳ ನೂರಾರು ಬಾಣಂತಿಯರ ಪಾದದ ಬಿಸಿಯನ್ನು ಹಗಲು ರಾತ್ರಿ ಅಳೆದಳು. ಅವರಲ್ಲಿ ಕೆಲವರನ್ನು ಕಡಗವೇ ಉಳಿಸಿತು.

ಅದನ್ನು ಬರೆದು ಕಳಿಸಿದಾಗ ಶುರುವಾದದ್ದು ಬೇರೆಯೇ ಕಥೆ. ಮೂರು ವಿಜ್ಞಾನ ಪತ್ರಿಕೆಗಳು ಒಂದಾದ ಮೇಲೊಂದು ಹಿಂದಕ್ಕೆ ಕಳಿಸಿದವು. ಕಾರಣ ಹೆಚ್ಚುಕಡಿಮೆ ಒಂದೇ. ಎರಡನೆಯ ಕೋಷ್ಟಕದ ಅಂಕಿಗಳು ಅರ್ಥವಾಗುವಂತಿಲ್ಲ. ಭಾಷೆಯ ತೊಡಕಿನಿಂದ ಹೀಗಾಗಿರಬಹುದು. ಇಂಗ್ಲಿಷ್ ಮನೆಮಾತಾಗಿರುವ ಯಾರಿಂದಲಾದರೂ ತಿದ್ದಿಸಿ ಕಳಿಸಿ. ಮೊದಲ ಸಲ ಆಕೆ ತಾನೇ ತಿದ್ದಿದಳು. ಎರಡನೆಯ ಸಲ ಬೆಂಗಳೂರಿನ ಒಂದು ಕಂಪನಿಯಿಂದ ತಿದ್ದಿಸಿದಳು. ಮೂರನೆಯ ಸಲ ಬರಹ ಎಷ್ಟು ನುಣುಪಾಗಿತ್ತೆಂದರೆ ಅದನ್ನು ತಾನು ಬರೆದದ್ದೆಂದು ಆಕೆಗೇ ಅನ್ನಿಸಲಿಲ್ಲ. ಆದರೂ ಅದೇ ಉತ್ತರ ಬಂತು.

ಸೂಡಿ ಹಳ್ಳಿಯ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದವಳು ಆಕೆ. ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ, ಬರುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ಆಕೆ ಯಾವಾಗಲೂ ತನಗಿಂತ ಸ್ವಲ್ಪ ದಡ್ಡಳಾಗಿರುತ್ತಿದ್ದಳು. ಸಭೆಗಳಲ್ಲಿ ಪ್ರಶ್ನೆಯೊಂದನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡು ಎದ್ದೇಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ತನ್ನ ಕಿರಿಯ ಸಹೋದ್ಯೋಗಿಗಳು ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವರ ಹಾಗೆ ಹೇಳುವಾಗ, ಪೂರ್ತಿ ತಿಳಿದ ತಾನು ಅರ್ಧ ತಿಳಿದವಳ ಹಾಗೆ ಕೂತಿರುತ್ತಿದ್ದಳು. ಭಾಷೆ ಎಂಬ ಪದ ಕಂಡೊಡನೆ ಆಕೆಯ ಮುಖ ಬಿಸಿಯಾಗಿ, ಅದರ ಅಕ್ಕಪಕ್ಕದ ಮಾತು ಕಾಣದಾಗುತ್ತಿತ್ತು.

ಆಮೇಲೆ ಹೊಸ ನಿಯಮ ಬಂತು.

ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಒಯ್ಯುವ ಯಂತ್ರಗಳು ಆಗಲೇ ಹಳತಾಗಿದ್ದವು. ಅವುಗಳಿಂದ ಬರಹ ನುಣುಪಾಯಿತೇ ಹೊರತು ಪ್ರಬಂಧಗಳನ್ನು ತೂಗುವ ಪರಿಶೀಲಕರ ಹಳೆಯ ಚಾಳಿ ಹೋಗಲಿಲ್ಲ. ತಿಳಿಯದ ಕಡೆ ಕೇಳುವ ಬದಲು, ಸ್ಪಷ್ಟವಿಲ್ಲ ಎಂದು ಬರೆದು ಹಿಂದಿರುಗಿಸುವುದು ಎಲ್ಲರಿಗೂ ಸುಲಭವಾಗಿತ್ತು. ಕೊನೆಗೆ ಹಲವು ದೇಶಗಳ ವಿಜ್ಞಾನ ಪತ್ರಿಕೆಗಳು ಒಟ್ಟಾಗಿ ಒಂದು ಪ್ರಯೋಗಕ್ಕೆ ಇಳಿದವು. ಪರಿಶೀಲಕ ತನಗೆ ತಿಳಿದಿದೆ ಎಂದು ಹೇಳುವ ತನಕ ಅಭಿಪ್ರಾಯ ಹೇಳುವಂತೆಯೇ ಇಲ್ಲವೆಂದರೆ ಏನಾದೀತು?

ಅದಕ್ಕಾಗಿ ಕಟ್ಟಿದ ಕೋಣೆಗಳಲ್ಲಿ ಒಂದು ಧಾರವಾಡದಲ್ಲಿತ್ತು. ಶೋಧ ಮಾಡಿದವರು ಅಲ್ಲಿ ಕೂತು ತಮ್ಮ ಭಾಷೆಯಲ್ಲೇ, ತುಣುಕು ತುಣುಕಾಗಿ ಹೇಳಬೇಕು. ಲೋಕದ ಎಲ್ಲೋ ಮೂರು ಕಡೆ ಕೂತ ಮೂವರು ಅದನ್ನು ತಂತಮ್ಮ ಭಾಷೆಯಲ್ಲಿ ಕೇಳುತ್ತಾರೆ. ಯಾರ ಹೆಸರೂ ಇಲ್ಲ, ದೇಶವೂ ಇಲ್ಲ. ಪ್ರತಿ ತುಣುಕಿನ ಕೊನೆಗೆ, ತಿಳಿದಿದ್ದರೆ ಒಂದು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಕೇಳಬೇಕು. ಮೂವರೂ ಒತ್ತಿದರೆ ಮಾತ್ರ ಮುಂದಿನ ತುಣುಕು. ಗುಂಡಿ ಒತ್ತಿದಾಗ ಹೇಳುವವರ ಮುಂದೆ ಒಂದು ದೀಪ ಹತ್ತುತ್ತದೆ, ಜೊತೆಗೆ ಅವರವರ ರೂಢಿಯ ದನಿಯೊಂದು ಕೇಳುತ್ತದೆ. ಧಾರವಾಡದ ಯಂತ್ರಕ್ಕೆ ಆ ದನಿಯನ್ನು ಹುಡುಕಲು ಯಾರೂ ಕಷ್ಟಪಡಲಿಲ್ಲ. ನಮ್ಮಲ್ಲಿ ಮಕ್ಕಳಿಗೆ ಕಥೆ ಹೇಳುವ ಅಜ್ಜಿ ಕೂಡ ಎದುರಿನವರು ಹೂಂಗುಡದಿದ್ದರೆ ಕಥೆ ನಿಲ್ಲಿಸಿಬಿಡುತ್ತಾಳೆ. ಹೀಗಾಗಿ ಊರವರೆಲ್ಲ ಅದನ್ನು ಹೂಂ ಕೋಣೆ ಎಂದು ಕರೆದರು.

ಕೋಣೆಯನ್ನು ನಡೆಸುತ್ತಿದ್ದವಳು ಫರ್ಜಾನಾ ಮುಲ್ಲಾ. ಮೂವತ್ತು ದಾಟಿದ, ನಗುಮುಖದ ಎಂಜಿನಿಯರು. ನೀಲಾಂಬಿಕಾಳನ್ನು ಕೂರಿಸಿ, ಮೈಕು ಸರಿಮಾಡಿ, ಮೇಜಿನ ಮೇಲಿನ ಮೂರು ದೀಪಗಳನ್ನು ತೋರಿಸಿದಳು. ದೀಪಗಳ ಈಚೆ ಒಂದು ಕೆಂಪು ಗುಂಡಿ.

"ಇದು ನಿಮ್ಮ ಹಕ್ಕು ಮೇಡಂ. ಯಾರರೆ ಸುಮ್ನ ಹೂಂ ಅನ್ನಾಕತ್ತಾರ ಅಂತ ಅನಿಸಿದ್ರ ಇದನ್ನ ಒತ್ತಬಹುದು. ಆಗ ಅವರು ಕೇಳಿದ್ದನ್ನ ತಮ್ಮ ಮಾತಿನಾಗ ತಿರುಗಿ ಹೇಳಬೇಕು."

"ಹೇಳಾಕ ಬರಲಿಲ್ಲಂದ್ರ?"

"ಇಡೀ ಕೂಟ ರದ್ದು. ಹೊಸಾ ಮೂರು ಮಂದಿ, ಹೊಸಾ ಸರದಿ. ವರ್ಷಾನೂ ಆಗಬಹುದು. ಅದಕ ಯಾರೂ ಒತ್ತೂದಿಲ್ರಿ. ದಿನಾ ಅದರ ಧೂಳ ವರಸೂದು ನನ್ನ ಕೆಲಸ."

ನೀಲಾಂಬಿಕಾ ಗುಂಡಿಯನ್ನೊಮ್ಮೆ ನೋಡಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ವರ್ಷ ಕಾಯುವ ತಾಳ್ಮೆ ಆಕೆಯಲ್ಲಿ ಉಳಿದಿರಲಿಲ್ಲ. ಕಾಯುವಂತೆಯೂ ಇರಲಿಲ್ಲ. ಕಡಗ ಮಾಡುವ ಕಾರ್ಖಾನೆ ತಯಾರಾಗಿತ್ತು. ಒಪ್ಪಿಗೆ ಸಿಕ್ಕಿದ್ದೇ ತಡ, ಆಕೆಯ ಅಂಕಿ ಸಾವಿರಾರು ಕಡಗಗಳೊಳಗೆ ಕೂತು ಹಲವು ದೇಶಗಳ ಬಾಣಂತಿಯರ ಕಾಲಿಗೆ ಹೋಗುವುದಿತ್ತು.

ಆಕೆ ಹೇಳತೊಡಗಿದಳು. ಮೊದಲ ಕೆಲವು ವಾಕ್ಯಗಳಲ್ಲೇ ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. ಯಂತ್ರಕ್ಕೆಂದು ಬರಹದ ಕನ್ನಡ ಆಡಿದರೂ, ಮನೆಯಲ್ಲಿ, ವಾರ್ಡಿನಲ್ಲಿ, ಹಡೆಯುವವಳ ತಲೆ ಹಿಡಿದು ಮಾತಾಡುವ ದನಿ ಅದು. ವಿಜ್ಞಾನದ ಸಭೆಯಲ್ಲಿ ಅದು ಎಂದೂ ಆಕೆಯ ಜೊತೆಗೆ ಬಂದಿರಲಿಲ್ಲ.

ಮೊದಲ ದೀಪ ಚುರುಕಾಗಿತ್ತು. ನಡುನಡುವೆ ಪ್ರಶ್ನೆ ಕೇಳುತ್ತಿತ್ತು. ಒಮ್ಮೆ, ಯಂತ್ರ ಆಡುವ ಪುಸ್ತಕದ ಕನ್ನಡದಲ್ಲಿ, "ತಾಯಂದಿರ ವಯಸ್ಸನ್ನು ಪರಿಗಣಿಸಿದ್ದೀರಾ?" ಎಂದಿತು. ಎರಡನೆಯದು ನಿಧಾನ. ಪ್ರತಿ ತುಣುಕಿಗೂ ಯೋಚಿಸಿ ಹೂಂ ಎನ್ನುತ್ತಿತ್ತು. ಮೂರನೆಯದಕ್ಕೆ ಪ್ರಶ್ನೆಯೇ ಇರಲಿಲ್ಲ. ಮೊದಮೊದಲು ಅದರ ಹೂಂ ಕೂಡ ತುಣುಕಿಗೆ ತಕ್ಕಂತೆ ಬೇಗಲೋ ತಡವಾಗಿಯೋ ಬರುತ್ತಿತ್ತು. ಎರಡನೆಯ ಕೋಷ್ಟಕ ದಾಟಿದ ಮೇಲೆ ಏನೋ ಬದಲಾಯಿತು. ತುಣುಕು ದೊಡ್ಡದಿರಲಿ ಸಣ್ಣದಿರಲಿ, ಸುಲಭವಿರಲಿ ತೊಡಕಿರಲಿ, ಮುಗಿದ ಕೂಡಲೇ ಒಂದೇ ಅಳತೆಯ ಹೂಂ.

ನೀಲಾಂಬಿಕಾಗೆ ಆ ಹೂಂ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೇಳು ವರ್ಷಗಳಿಂದ ಅದರ ಎದುರು ರೊಟ್ಟಿ ಬಡಿದವಳು.

ಬಿಡು, ಎಂದುಕೊಂಡಳು. ಇನ್ನು ಉಳಿದದ್ದು ಸ್ವಲ್ಪವೇ. ಮೂರೂ ದೀಪ ಹತ್ತುತ್ತಿವೆ. ಮೂರು ಸಲ ಇಲ್ಲ ಎಂದವರು ಈಗ ಹೂಂ ಎನ್ನುತ್ತಿದ್ದಾರೆ. ಕಿವಿ ಕೊಟ್ಟು ಎನ್ನುತ್ತಾರೋ ಕೊಡದೆ ಎನ್ನುತ್ತಾರೋ ನೋಡಿ ತನಗೇನಾಗಬೇಕು? ಹೀಗೆಂದುಕೊಳ್ಳುತ್ತಲೇ ಮುಂದಿನ ತುಣುಕಿಗೆ ಬಾಯಿ ತೆರೆದಳು. ಆದರೆ ಬಾಯಿಂದ ಬಂದದ್ದು ಅದಲ್ಲ.

"ಇದಾದ ನಂತರ ಎಲ್ಲ ಬಾಣಂತಿಯರಿಗೂ ಒಂದೊಂದು ಆನೆಯನ್ನು ಕೊಡಲಾಯಿತು."

ಗಾಜಿನ ಆಚೆ ಫರ್ಜಾನಾ ಕೂತಲ್ಲಿಂದ ಅರ್ಧ ಎದ್ದಳು.

"ಕ್ಷಮಿಸಿ," ಎಂದಿತು ಮೊದಲ ದೀಪದ ದನಿ, "ನನಗೆ ಆನೆ ಎಂದು ಕೇಳಿಸಿತು."

"ನನಗೂ," ಎಂದಿತು ಎರಡನೆಯದು. "ಯಂತ್ರ ಕೆಟ್ಟಿದೆಯೇ?"

ಮೂರನೆಯ ದೀಪ ಹತ್ತಿತು. ಹೂಂ.

ನೀಲಾಂಬಿಕಾಗೆ ನಗು ಬಂತು. ನಗುವಿನ ಹಿಂದೆಯೇ ಒಂದು ತಣ್ಣನೆಯ ಭಯವೂ ಬಂತು. ಈ ಮೂರನೆಯವರು ತನ್ನ ಅಂಕಿಗೂ ಹೀಗೆಯೇ ಹೂಂ ಎಂದಿದ್ದಾರೆ. ಆ ಅಂಕಿ ನಾಳೆ ಯಾರೋ ಒಬ್ಬಳ ಕಾಲಿಗೆ ಹೋಗಿ ಕೂರುತ್ತದೆ. ತಣ್ಣನೆಯ ಪಾದ ಹಿಡಿದು ಕೂತ ಆ ತಾಯಿ ಆಕೆಗೆ ನೆನಪಾದಳು.

ಕೆಂಪು ಗುಂಡಿ ಒತ್ತಿದಳು.

"ಆನೆ ಇರಲಿಲ್ಲ. ತಪ್ಪು ತಿಳಿಯಬೇಡಿ, ಬೇಕೆಂದೇ ಹೇಳಿದೆ," ಎಂದಳು. "ಮೂರನೆಯ ಪರಿಶೀಲಕರೇ, ನಾನು ಹೇಳಿದ್ದರಲ್ಲಿ ನಿಮಗೆ ತಿಳಿದಷ್ಟನ್ನು ತಿರುಗಿ ಹೇಳುತ್ತೀರಾ?"

ಆಮೇಲೆ ಹೆಂಗಸಿನ ದನಿಯೊಂದು ಬಂತು. ಯಂತ್ರದ ಕನ್ನಡದಲ್ಲೂ ಅದು ನಾಚಿದ್ದು ಗೊತ್ತಾಗುತ್ತಿತ್ತು.

"ಎರಡನೆಯ ಕೋಷ್ಟಕದವರೆಗೆ ನಾನು ಶ್ರದ್ಧೆಯಿಂದ ಕೇಳಿದೆ. ಅಲ್ಲಿಂದ ಮುಂದೆ ತಿಳಿಯಲಿಲ್ಲ. ಮತ್ತೆ ಗಮನ ಹಿಡಿತಕ್ಕೆ ಸಿಗಲಿಲ್ಲ."

"ಕೇಳಬಹುದಿತ್ತಲ್ಲ?"

"ಕೇಳಬಹುದಿತ್ತು. ನನ್ನದೂ ದೊಡ್ಡ ಭಾಷೆಯಲ್ಲ. ನನ್ನ ಪ್ರಬಂಧಗಳಿಗೆ ಸ್ಪಷ್ಟವಿಲ್ಲ ಎಂಬ ಉತ್ತರ ಎಷ್ಟು ಸಲ ಬಂದಿದೆಯೋ. ಆ ಮಾತನ್ನು ಇನ್ನೊಬ್ಬರಿಗೆ ಹೇಳಬಾರದು ಎಂದುಕೊಂಡಿದ್ದೆ. ಅದಕ್ಕೆ ಒತ್ತುತ್ತ ಹೋದೆ."

ಇಷ್ಟು ವರ್ಷ ಆಕೆ ತನ್ನನ್ನು ತಡೆದವರ ಮುಖಗಳನ್ನು ಊಹಿಸಿಕೊಂಡಿದ್ದಳು. ಕರುಣೆಯಿಂದ ದಾಟಿಸಿಬಿಡುವ ಮುಖವೊಂದು ಇರಬಹುದೆಂದು ಹೊಳೆದಿರಲಿಲ್ಲ. ಎರಡೂ ಕಡೆ ಆಗಿದ್ದು ಮಾತ್ರ ಒಂದೇ. ಯಾರೂ ಕೇಳಲಿಲ್ಲ.

"ಏನು ತಿಳಿಯಲಿಲ್ಲ, ಹೇಳಿ," ಎಂದಳು ಮೆತ್ತಗೆ. "ನಿಮ್ಮ ಕಣ್ಣಿಗೆ ಏನು ಕಾಣುತ್ತಿದೆ, ಅದನ್ನೇ ಹೇಳಿ."

"ತಾಯಿ ಹಾಸಿಗೆಯ ಮೇಲೆ ಮಲಗಿದ್ದಾಳೆ. ಚಳಿಗಾಲ. ಕೋಣೆ ತಂಪಾಗಿದೆ. ಆಕೆಗೆ ಜ್ವರವಿಲ್ಲ, ಆರೋಗ್ಯವಾಗಿದ್ದಾಳೆ. ಆದರೆ ನಿಮ್ಮ ಎರಡನೆಯ ಕೋಷ್ಟಕದ ಪ್ರಕಾರ ಆಕೆಯ ಪಾದ ಬಿಸಿಲಲ್ಲಿ ನಡೆದು ಬಂದವಳ ಪಾದದಷ್ಟು ಬಿಸಿಯಾಗಿದೆ. ಇಡೀ ದಿನ. ಎಲ್ಲ ತಾಯಂದಿರದ್ದೂ. ಅದು ಹೇಗೆ?"

"ನಾನೂ ಅಲ್ಲಿ ತಡೆದಿದ್ದೆ," ಎಂದಿತು ಎರಡನೆಯ ದನಿ. "ಉಪಕರಣದ ದೋಷ ಇರಬಹುದು, ಕೊನೆಗೆ ಬರೆದರಾಯಿತು ಎಂದುಕೊಂಡೆ."

"ಹೇಗೆ ಅಂದರೆ..." ನೀಲಾಂಬಿಕಾ ಇಷ್ಟು ಸರಳ ವಿಷಯ ತಿಳಿಯದವರಿಗೆ ಹೇಳುವ ದನಿಯಲ್ಲಿ ಶುರುಮಾಡಿದಳು. "ಹೊರಸಿನ ಕೆಳಗೆ ಕೆಂಡ ಇಟ್ಟಿರುತ್ತಾರಲ್ಲ."

ಹೇಳಿ ಮುಗಿಸಿದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು.

ಕೆಂಡ. ಅಗ್ಗಿಷ್ಟಿಗೆ. ಆಕೆ ಹುಟ್ಟಿದ ಮನೆಯಲ್ಲಿ, ಸೇರಿದ ಮನೆಯಲ್ಲಿ, ಕಡಗ ತೊಡಿಸಲು ಹೋದ ಒಂದೊಂದು ಹಳ್ಳಿಯ ಒಂದೊಂದು ಮನೆಯಲ್ಲಿ ಬಾಣಂತಿಯ ಹೊರಸಿನ ಕೆಳಗೆ ಅದು ಇತ್ತು. ಬೇಸಿಗೆಯಲ್ಲೂ ಇತ್ತು. ಇವತ್ತು ಬೆಳಿಗ್ಗೆ ಅದು ಆಕೆಯ ಮೊಣಕೈಯನ್ನು ಸವರಿಕೊಂಡೇ ಹೋಗಿತ್ತು. ಹೊಗೆಗೆ ಕಿಟಕಿ ತೆರೆಸಿದವಳು ಬಿಸಿಗೆ ಲೆಕ್ಕ ಇಡಲಿಲ್ಲ. ಇಷ್ಟು ಜನರ ಪಾದ ಅಳೆದಿದ್ದೇನೆ, ಮನೆಮನೆಯ ವ್ಯತ್ಯಾಸ ತಾನಾಗಿ ಕಳೆದುಹೋಗುತ್ತದೆ ಎಂಬ ಧೈರ್ಯ. ಒಂದೇ ಒಂದು ಮನೆಯಲ್ಲಿ ಅದು ಇಲ್ಲದಿದ್ದರೂ ಕಣ್ಣಿಗೆ ಬೀಳುತ್ತಿತ್ತೋ ಏನೋ. ಎಲ್ಲರ ಮನೆಯಲ್ಲೂ ಇದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

"ಕೆಂಡ ಎಂದರೆ ಬೆಂಕಿಯೇ?" ಎಂದಿತು ಮೊದಲ ದನಿ. "ಹಾಸಿಗೆಯ ಕೆಳಗೆ?"

ಆಕೆ ಎಲ್ಲವನ್ನೂ ಹೇಳಿದಳು. ಹೊರಸಿನ ಹಗ್ಗ, ಮೇಲೆ ಹಾಸುವ ಕೌದಿ, ಕೆಂಡದ ಮೇಲೆ ಉದುರಿಸುವ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಮೂವರೂ ನಡುನಡುವೆ ತಡೆದು, ಕೇಳಿ ತಿಳಿದುಕೊಂಡರು. ಮುಗಿದ ಮೇಲೆ ಮೂರನೆಯ ದನಿ ಕೇಳಿತು.

"ಹಾಗಾದರೆ ಆ ಬೆಂಕಿ ಇಲ್ಲದ ಮನೆಯಲ್ಲಿ ನಿಮ್ಮ ಅಂಕಿ ನಿಲ್ಲುತ್ತದೆಯೇ?"

ಆರು ವರ್ಷಗಳಲ್ಲಿ ಆಕೆಯ ಕೆಲಸದ ಬುಡಕ್ಕೇ ಕೈಹಾಕಿದ ಮೊದಲ ಪ್ರಶ್ನೆ ಅದು. ಆಕೆಯ ಭಾಷೆಯ ಬಗ್ಗೆಯಲ್ಲ, ಕೆಲಸದ ಬಗ್ಗೆ.

"ಗೊತ್ತಿಲ್ಲ," ಎಂದಳು. ಇಂಗ್ಲಿಷಿನಲ್ಲಿ ಈ ಮಾತನ್ನು ಹೇಳಬೇಕಾಗಿ ಬಂದಾಗಲೆಲ್ಲ ನಾಲಿಗೆ ಒಣಗುತ್ತಿತ್ತು. ಗೊತ್ತಿಲ್ಲದ್ದು ವಿಷಯವೋ ಭಾಷೆಯೋ ಎಂದು ಎದುರಿನವರು ಅಳೆಯುತ್ತಿದ್ದಾರೆ ಎನ್ನಿಸುತ್ತಿತ್ತು. ಈಗ ಅದು ಹಗುರವಾಗಿ ಬಂತು. "ಗೊತ್ತಿಲ್ಲ. ಆದರೆ ತಿಳಿದುಕೊಳ್ಳಬಲ್ಲೆ."

ನಿಯಮದಂತೆ ಕೂಟ ರದ್ದಾಗಿ ಮೂರೂ ದೀಪ ಆರಿದವು.

ಫರ್ಜಾನಾ ಎರಡು ಲೋಟ ಚಹಾ ಹಿಡಿದುಕೊಂಡು ಒಳಗೆ ಬಂದಳು. ಮುಖ ಸಣ್ಣದಾಗಿತ್ತು. "ಏನ ಮೇಡಂ ನೀವು, ದಂಡಿಗೆ ಬಂದ ದೋಣಿ ನೀವ ನೂಕಿ ಬಿಟ್ರಲ್ಲ."

"ದೋಣ್ಯಾಗ ತೂತು ಇತ್ತವಾ."

"ಆದರೂ... ಆನಿ ಎಲ್ಲಿಂದ ತಂದ್ರಿ ಮೇಡಂ?"

"ಮನಿಯಿಂದ," ಎಂದಳು ನೀಲಾಂಬಿಕಾ. ಇಬ್ಬರೂ ಲೋಟದ ಚಹಾ ತುಳುಕುವ ಹಾಗೆ ನಕ್ಕರು.

ಗದಗಿನಲ್ಲಿ ವಿಷಯ ತಿಳಿದಾಗ ಚನ್ನವೀರನಿಗೆ ತಡೆಯಲಾಗಲಿಲ್ಲ. "ಹೂಂ ಅಂದಿದ್ಲಲ್ಲ ಆಕಿ. ಸುಮ್ನ ಬಿಟ್ಟಿದ್ರ ಮುಗೀತಿತ್ತು. ಯಾರು ನೋಡತಿದ್ರು?"

"ಬರೇ ಹೂಂ ನಂಬಿ ನಾ ಎಷ್ಟು ಸಲ ಮೋಸ ಹೋಗೀನಿ ಅನ್ನೂದು ನಿಮಗ ಗೊತ್ತೈತಲ್ರಿ."

ಅವನು ಫೋನನ್ನು ಮಗುಚಿ ಇಟ್ಟ.

ಮರುದಿನ ಬೆಳಿಗ್ಗೆ, ವಚನಾ ಕೂಸನ್ನೆತ್ತಿಕೊಂಡು ಅಂಗಳದ ಎಳೆಬಿಸಿಲಿನಲ್ಲಿ ಕೂತಿದ್ದಾಗ, ನೀಲಾಂಬಿಕಾ ಕಾಲಿಗೆ ಕಡಗ ಹಾಕಿಕೊಂಡು ಮಗಳ ಹೊರಸಿನ ಮೇಲೆ ಮಲಗಿದಳು. ಸಿದ್ದವ್ವ ಅಗ್ಗಿಷ್ಟಿಗೆಯೊಡನೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ ಇದು? ಮೊಮ್ಮಗಳನ್ನ ಕಂಡಾಕಿ ಬಾಣಂತಿ ಹೊರಸು ಏರೀದಿ. ಮಂದಿ ನೋಡಿದ್ರ ಏನಂದಾರು?"

"ಬಾಣಂತಿಗೆ ಮಾಡಿದ ಅಂಟಿನುಂಡಿ ಅದಾವೇನ್ರಿ ಅತ್ತಿ? ನನಗೂ ಒಂದು ಕೊಡ್ರಿ."

ಅಂಗಳದಲ್ಲಿ ವಚನಾ ನಕ್ಕಳು. "ಕೊಡಬೇ ಅಜ್ಜಿ, ಅವ್ವ ಹಸದಾಳು."

ಕೆಂಡವಿದ್ದಷ್ಟು ಹೊತ್ತು ಕಡಗ ಸುಮ್ಮನಿತ್ತು. ಆಮೇಲೆ ಸಿದ್ದವ್ವನನ್ನು ಒಪ್ಪಿಸಿ ಅಗ್ಗಿಷ್ಟಿಗೆಯನ್ನು ಹೊರಗಿಡಿಸಿದಳು. ಕಿಟಕಿಯಿಂದ ಪುಷ್ಯದ ಗಾಳಿ ಬರುತ್ತಿತ್ತು. ಹೊರಸಿನ ಹಗ್ಗ ಆರಿತು, ಕೌದಿ ಆರಿತು. ಸ್ವಲ್ಪ ಹೊತ್ತಿಗೆ ಕಡಗ ಕೂಗತೊಡಗಿತು. ಓಣಿಯ ನಾಯಿಗಳೂ ಜೊತೆಗೂಡಿದವು. ಐವತ್ತು ದಾಟಿದ, ಎರಡು ಅಂಟಿನುಂಡಿ ತಿಂದು ಗಟ್ಟಿಮುಟ್ಟಾಗಿ ಮಲಗಿದ್ದ ಹೆಂಗಸು ರಕ್ತ ಸೋರಿ ಸಾಯುತ್ತಿದ್ದಾಳೆಂದು ಆಕೆಯೇ ಮಾಡಿಸಿದ ಕಡಗ ಇಡೀ ಓಣಿಗೆ ಸಾರುತ್ತಿತ್ತು.

ಮನೆಯವರೆಲ್ಲ ನಕ್ಕರು. ನೀಲಾಂಬಿಕಾ ಕೂಡ ನಕ್ಕು, ನಗುತ್ತಲೇ ಎದ್ದು ಕೂತಳು. ತಂಪು ದೇಶವೊಂದರ ವಾರ್ಡು ಆಕೆಯ ಕಣ್ಣ ಮುಂದೆ ಬಂತು. ಅಲ್ಲಿ ಈ ಕಡಗ ಎಲ್ಲರ ಕಾಲಲ್ಲೂ ಸುಮ್ಮಸುಮ್ಮನೆ ಕೂಗುತ್ತದೆ. ಎರಡು ದಿನಕ್ಕೆ ನರ್ಸಮ್ಮನವರು ಬೇಸತ್ತು ಒಂದೊಂದಾಗಿ ಬಿಚ್ಚಿಡುತ್ತಾರೆ. ಹಾಗೆ ಬಿಚ್ಚಿಟ್ಟವುಗಳಲ್ಲಿ ಒಂದು ನಿಜವಾಗಿ ಕೂಗುತ್ತಿದ್ದದ್ದೂ ಇರುತ್ತದೆ.

ಎರಡು ಚಳಿಗಾಲ ಆಕೆ ಅದರ ಹಿಂದೆ ಬಿದ್ದಳು. ಕಡಗಕ್ಕೆ ಇನ್ನೊಂದು ಕಣ್ಣು ಬಂತು. ಒಂದು ಕಣ್ಣು ಪಾದವನ್ನು ನೋಡುವುದು, ಇನ್ನೊಂದು ಕಣ್ಣು ಪಾದದ ಸುತ್ತಲಿನ ಗಾಳಿಯನ್ನು. ಕೆಂಡದ ಮನೆ, ಕೆಂಡವಿಲ್ಲದ ಮನೆ, ಆಸ್ಪತ್ರೆಯ ತಣ್ಣನೆಯ ವಾರ್ಡು, ಬೆಟ್ಟದ ಮೇಲಿನ ಊರು, ಎಲ್ಲ ಕಡೆ ಅಳೆದಳು. ಹಳೆಯ ಅಂಕಿ ಹೋಗಿ ಅದರ ಜಾಗಕ್ಕೆ ಎರಡು ಬಿಸಿಗಳ ನಡುವಿನ ಅಂತರ ಬಂತು. ಅದು ಎಲ್ಲೆಡೆ ನಿಂತಿತು. ಆಕೆಯ ವಿದ್ಯಾರ್ಥಿನಿಯರು ಪಾಳಿಯ ಮೇಲೆ, ಬೈದುಕೊಂಡೇ ದುಡಿದರು. ಪ್ರತಿ ಮನೆಯಲ್ಲೂ ಆಕೆ ಅವರಿಗೆ ಹೇಳುತ್ತಿದ್ದದ್ದು ಒಂದೇ. "ಈ ಮನಿಯಾಗ ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳಲಾರದ್ದು ಏನೈತಿ, ಅದನ್ನ ಮೊದಲ ಕೇಳ್ರಿ."

ಮತ್ತೆ ಸರದಿ ಬಂದು ಧಾರವಾಡಕ್ಕೆ ಹೊರಡುವ ದಿನ ಚನ್ನವೀರ ತಾನೇ ಕುರ್ಚಿ ಎಳೆದುಕೊಂಡು ಅಡುಗೆಮನೆಯಲ್ಲಿ ಕೂತ. "ಹೇಳು ನೋಡೋಣ."

ಆಕೆ ಹೇಳಿದಳು. ಅವನು ನಡುವೆ ಎರಡು ಕಡೆ ತಡೆದು ಕೇಳಿದ. ಮುಗಿದ ಮೇಲೆ ಆಕೆ, "ಈಗ ನೀವು ತಿರುಗಿ ಹೇಳ್ರಿ," ಎಂದಳು.

ಚನ್ನವೀರ ಹೇಳಿದ. ದೈಹಿಕ ಶಿಕ್ಷಣದ ಮೇಷ್ಟರ ರೀತಿಯಲ್ಲಿ, ಕೈಕಾಲು ಆಡಿಸಿ, ಪಾದ ಎಲ್ಲಿ ಗಾಳಿ ಎಲ್ಲಿ ಎಂದು ತೋರಿಸಿ ಹೇಳಿದ. ಒಂದು ಕಡೆ ತಪ್ಪಿದ. ಆ ಕಡೆ ತನ್ನ ಮಾತೇ ಸರಿಯಿರಲಿಲ್ಲವೆಂದು ನೀಲಾಂಬಿಕಾ ತಿದ್ದಿಕೊಂಡಳು. ಕೊನೆಗೆ ಅವನು ಕೇಳಿದ, "ಸ್ಕೂಟರ್ ಮಾರಿ ಆನಿ ತಗೊಳ್ಳೂದು ಏನಾತು?"

"ಅದೂ ಕೇಳಿಸಿತ್ತೇನ್ರಿ ಆವತ್ತು?"

"ತಡ ಆಗಿ ಕೇಳಿಸ್ತು."

ಹೂಂ ಕೋಣೆಯಲ್ಲಿ ಆ ಸಲ ಕೂಟ ಬಹಳ ಹೊತ್ತು ನಡೆಯಿತು. ಪ್ರಶ್ನೆಗಳು ಬಂದವು, ಒಂದೆರಡು ಬಿರುಸಾದವೂ ಬಂದವು. ನೀಲಾಂಬಿಕಾ ಎಲ್ಲಕ್ಕೂ ತನ್ನ ದನಿಯಲ್ಲೇ ಉತ್ತರ ಕೊಟ್ಟಳು. ಪ್ರಬಂಧಕ್ಕೆ ಒಪ್ಪಿಗೆ ಅಂದೇ ಸಂಜೆ ಸಿಕ್ಕಿತು. ಫರ್ಜಾನಾ ಧಾರವಾಡದ ಪೇಢೆ ತರಿಸಿದಳು. ಆದರೆ ಆ ದಿನವನ್ನು ನೆನೆದಾಗ ನೀಲಾಂಬಿಕಾಗೆ ಮೊದಲು ನೆನಪಾಗುವುದು ಪೇಢೆಯಲ್ಲ, ಒಪ್ಪಿಗೆಯೂ ಅಲ್ಲ. ಶುರುವಿನ ಒಂದು ಗಳಿಗೆ.

ಆಕೆ ಮೈಕಿನ ಮುಂದೆ ಕೂತು ನೀರು ಕುಡಿದಳು. ಕೆಂಪು ಗುಂಡಿ ಧೂಳಿಲ್ಲದೆ ಹೊಳೆಯುತ್ತಿತ್ತು. ಈಗೀಗ ಅದನ್ನು ಒತ್ತುವವರು ಇದ್ದಾರಂತೆ. ಒರೆಸುವ ಕೆಲಸ ತಪ್ಪಿತು ಎಂದು ಫರ್ಜಾನಾ ಆಗಷ್ಟೇ ಹೇಳಿದ್ದಳು. ಎದುರಿಗೆ ಮೂರು ದೀಪಗಳು. ಹೊಸ ಮೂವರು, ಎಲ್ಲಿಯವರೋ.

"ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುತ್ತಾರೆ," ಎಂದು ಶುರುಮಾಡಿದಳು. "ನಾನು ಹೇಳುವುದೆಲ್ಲ ಅಲ್ಲಿಂದ ಹೊರಡುತ್ತದೆ."

ಮೊದಲ ದೀಪ ಹತ್ತಿತು. ಎರಡನೆಯದು, ಕೆಂಡ ಎಷ್ಟು ಹೊತ್ತು ಇರುತ್ತದೆಂದು ಕೇಳಿ ತಿಳಿದುಕೊಂಡು, ಹತ್ತಿತು. ಮೂರನೆಯದು ಹತ್ತಲಿಲ್ಲ. ಫರ್ಜಾನಾ ಗಾಜಿನ ಆಚೆಯಿಂದ ನೋಡಿದಳು. ನೀಲಾಂಬಿಕಾ ಅವಸರ ಮಾಡಲಿಲ್ಲ. ಕೈಕಟ್ಟಿ ಕೂತಳು.

ಕೊನೆಗೆ ವಯಸ್ಸಾದ ಗಂಡಸಿನ ದನಿಯೊಂದು ಬಂತು. "ನಮ್ಮಲ್ಲಿ ಕಾಯಿಸಿದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕಾಲ ಬಳಿ ಇಡುತ್ತಾರೆ. ನನ್ನ ತಾಯಿ ಇಡುತ್ತಿದ್ದಳು. ಮೂವತ್ತು ವರ್ಷದಿಂದ ನಾನೂ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ಕಲ್ಲನ್ನು ಒಂದು ಸಲವೂ ಬರೆದಿಲ್ಲ."

ಆಕೆ ಮೂರನೆಯ ದೀಪವನ್ನೇ ನೋಡಿದಳು. ಮಾತು ಮುಗಿದು ಸ್ವಲ್ಪ ಹೊತ್ತಾದ ಮೇಲೆ, ತಡವಾಗಿ, ಎದೆಯಿಂದ, ಮೂರನೆಯ ಹೂಂ ಬಂತು.

ನೀಲಾಂಬಿಕಾ ಮುಂದಿನ ತುಣುಕಿಗೆ ಹೋದಳು.